ಅರವತ್ತು ಕೋಲಿನ ಅಂಗಳ

ಚಂದ್ರಕ್ಕನನ್ನು ನಾನು ಮೊದಲ ಸಲ ನೋಡಿದಾಗ ಅವರು ಕೆರೆಯಲ್ಲಿ ಈಜುತ್ತಿದ್ದರು, ಆದರೆ ಇದ್ದಲ್ಲೇ ಇದ್ದರು. ಸೊಂಟಕ್ಕೆ ಜೀಪಿನ ಟ್ಯೂಬು ಕತ್ತರಿಸಿ ಮಾಡಿದ ಪಟ್ಟಿ, ಪಟ್ಟಿಗೆ ಬಾವಿಯ ಹಗ್ಗ, ಹಗ್ಗದ ಇನ್ನೊಂದು ತುದಿ ದಡದ ತೆಂಗಿನ ಮರಕ್ಕೆ. ಕೈಗಳು ಒಂದೇ ಸಮನೆ ನೀರು ಸೀಳುತ್ತಿದ್ದವು, ಕಾಲು ಬಡಿಯುತ್ತಿತ್ತು, ಹಗ್ಗ ಬಿಗಿದು ನಡುಗುತ್ತಿತ್ತು. ಅವರು ಮಾತ್ರ ಒಂದು ಗೇಣು ಮುಂದೆ ಹೋಗುತ್ತಿರಲಿಲ್ಲ. ಯಾರೋ ಮುಳುಗುತ್ತಿದ್ದಾರೆ, ಹಗ್ಗ ಕಟ್ಟಿದವರು ಜನ ಕರೆಯಲು ಓಡಿದ್ದಾರೆ ಎಂದುಕೊಂಡು ನಾನು ಕೈಯಲ್ಲಿದ್ದ ಚೀಲ ಬಿಸಾಡಿ ಹಗ್ಗ ಹಿಡಿದು ಎಳೆದೇ ಬಿಟ್ಟೆ. ಅವರು ಹಿಮ್ಮುಖವಾಗಿ ದಡಕ್ಕೆ ಬಂದು ಬಡಿದು, ಮೂಗಿಗೆ ಹೋದ ನೀರನ್ನು ಕೆಮ್ಮಿ ಹೊರಗೆ ಹಾಕಿ, ನನ್ನನ್ನು ನೋಡಿದರು.

"ಎಂತ ಮಾರಾಯ್ರೆ, ನಾನೇನು ಬಾವಿಗೆ ಬಿದ್ದ ಕೊಡಪಾನವಾ?"

ನಾನು ಪುತ್ತೂರಿನವನು, ಲೈಸೆನ್ಸ್ ಸರ್ವೇಯರ್. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕಿನಲ್ಲಿ ಜಾಗ ಅಳೆಯುವುದು ನನ್ನ ಹೊಟ್ಟೆಪಾಡು. ಐವರ್ನಾಡಿನ ಆ ಮನೆಗೆ ಹೋದದ್ದು ಅವರ ರಬ್ಬರ್ ಗುಡ್ಡೆಯ ಗಡಿ ಗುರುತು ಮಾಡಲಿಕ್ಕೆ. ಆ ವರ್ಷ ನಾನು ಒಂದು ಮೂರ್ಖ ಕೆಲಸ ಮಾಡಿ ಸಿಕ್ಕಿಬಿದ್ದಿದ್ದೆ. ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ ಎಂದು ಡಾಕ್ಟರು ಹೆದರಿಸಿದ ಮೇಲೆ ಓಡಲು ಸುರು ಮಾಡಿದವನು, ನಮ್ಮ ಪುತ್ತೂರಿನ ಓಟಗಾರರ ಗುಂಪಿನಲ್ಲಿ ಯಾರೋ ಕೆಣಕಿದರೆಂದು ಉದ್ದದ ಟ್ರಯಾಥ್ಲಾನಿಗೆ ಹೆಸರು ಕೊಟ್ಟುಬಿಟ್ಟಿದ್ದೆ. ಅಂದರೆ ಕಡಲಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ಈಜು, ಮೇಲೆ ಬಂದು ನೂರ ಎಂಬತ್ತು ಕಿಲೋಮೀಟರ್ ಸೈಕಲ್, ಸೈಕಲ್ ಇಳಿದು ನಲವತ್ತೆರಡು ಕಿಲೋಮೀಟರ್ ಓಟ. ಎಲ್ಲ ಸೇರಿ ಹದಿನೇಳು ಗಂಟೆಯೊಳಗೆ ಮುಗಿಯಬೇಕು. "ಮಾರ್ಕೆಟಿಗೆ ಹೋಗಿ ಬನ್ನಿ ಅಂದ್ರೆ ಸ್ಕೂಟರಿನ ಕೀ ಕೇಳುವವರು ನೀವು" ಎಂದು ಹೆಂಡತಿ ನಕ್ಕಳು. ಸುದ್ದಿ ಹೋಟೆಲಿನಿಂದ ತಾಲೂಕಾಫೀಸಿನವರೆಗೆ ಹಬ್ಬಿ, ಕಂಡಕಂಡವರು "ಎಲ್ಲಿಗೆ ಮುಟ್ಟಿತು ಸರ್?" ಎಂದು ಕೇಳತೊಡಗಿದರು. ಮಾಡುವ ಶಕ್ತಿಯೂ ಇಲ್ಲ, ಬಿಡುವ ಮುಖವೂ ಇಲ್ಲ ಎಂಬಂತಾಗಿತ್ತು.

ಹಾಗಾಗಿ ತಲೆ ಒರೆಸಿಕೊಳ್ಳುತ್ತ ಚಂದ್ರಕ್ಕ ಅದೇ ಸ್ಪರ್ಧೆಯ ಹೆಸರು ಹೇಳಿ, "ನಾನೂ ಅದಕ್ಕೇ ಹೆಸರು ಕೊಟ್ಟದ್ದು, ಇದು ಎರಡನೇ ವರ್ಷ" ಎಂದಾಗ ನನಗೆ ಅಳಿಯನ ಮನೆಗೆ ಹೋದಲ್ಲಿ ಹಳೆಯ ದೋಸ್ತಿ ಸಿಕ್ಕಿದಷ್ಟು ಖುಷಿಯಾಯಿತು. ಮೊದಲ ವರ್ಷ ಏನಾಯಿತು ಎಂದು ಕೇಳಿದೆ. ಅವರು ಜಗಲಿಯ ಕಡೆ ನೋಡಿದರು. ಅಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಕಂಬ ಹಿಡಿದು ಕುಳಿತು ನಮ್ಮನ್ನೇ ನೋಡುತ್ತಿದ್ದರು.

ಚಂದ್ರಕ್ಕನಿಗೆ ಆಗ ನಲವತ್ತೇಳು. ಕಡ್ಡಿಯಂಥ ಮೈ, ಬಿಸಿಲಿಗೆ ಕಂದಿದ ಮುಖ, ಚೂಡಿದಾರದ ಪ್ಯಾಂಟಿನ ಮೇಲೆ ಗಂಡನ ಹಳೆಯ ಅಂಗಿ. ಕುತ್ತಿಗೆಯಲ್ಲಿ ಕರಿಮಣಿಯ ಜೊತೆಗೆ ಒಂದು ವಿಸಿಲ್. ತವರು ರಾಮಕುಂಜದ ಕಡೆ. ಹುಡುಗಿಯಾಗಿದ್ದಾಗ ಕುಮಾರಧಾರೆಯಲ್ಲಿ ಹೊಳೆಗೆ ಎದುರಾಗಿ ಈಜಿದವರು. ಹನ್ನೊಂದು ವರ್ಷ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದರು. ಕೆಲಸ ಬಿಟ್ಟ ಮೇಲೂ ವಿಸಿಲ್ ಬಿಡಲಿಲ್ಲ. ಗುಡ್ಡೆಯಲ್ಲಿ ರಬ್ಬರ್ ಹಾಲು ತೆಗೆಯುವ ಗಂಡ ಕುಶಾಲಪ್ಪಣ್ಣನಿಗೆ ಎರಡು ಸಣ್ಣ ವಿಸಿಲ್ ಎಂದರೆ ಚಾ ಆಯಿತು, ಒಂದು ಉದ್ದ ಎಂದರೆ ಇದ್ದ ಹಾಗೆ ಓಡಿ ಬಾ. ಕುಶಾಲಪ್ಪಣ್ಣ ಸಾಧು ಮನುಷ್ಯ. ವಿಸಿಲ್ ಕೇಳಿದರೆ ಶಾಲೆಯ ಹುಡುಗನ ಹಾಗೆ ಓಡಿ ಬರುತ್ತಿದ್ದರು.

ಕೆಲಸ ಬಿಡಿಸಿದ್ದು ಅತ್ತೆಯ ಕಾಯಿಲೆ. ಮರೆವು. ಅಜ್ಜಿಗೆ ಊರು, ಹೆಸರು, ಸತ್ತವರು, ಇದ್ದವರು ಎಲ್ಲ ಕಲಸಿಹೋಗಿತ್ತು. ಹೆತ್ತ ಮಗನನ್ನು ಕಂಡರೆ "ಯಾರೋ ಗಂಡಸು ಒಳಗೆ ಬಂದಿದ್ದಾನೆ" ಎಂದು ಬೊಬ್ಬೆ ಹಾಕುತ್ತಿದ್ದರು. ಗುರುತು ಹಿಡಿಯುತ್ತಿದ್ದದ್ದು ಸೊಸೆಯನ್ನು ಮಾತ್ರ, ಅದೂ ಸೊಸೆಯೆಂದಲ್ಲ. ಚಂದ್ರಕ್ಕನನ್ನು ಅವರು "ಅವ್ವ" ಎನ್ನುತ್ತಿದ್ದರು. ಆ ಅವ್ವ ಹಾಲು ಕಾಯುವಷ್ಟು ಹೊತ್ತು ಕಣ್ಣಿಂದ ಮರೆಯಾದರೆ ಸಾಕು, ಎದೆ ಬಡಿದುಕೊಂಡು ಅಳು.

ಒಮ್ಮೆ ಮಾತ್ರ ಚಂದ್ರಕ್ಕ ಗೇಟು ದಾಟಿ ಓಡಿದ್ದರಂತೆ. "ಎಲ್ಲಿಗೂ ಹೋಗ್ಲಿಕ್ಕೆ ಅಲ್ಲ ಸರ್ವೆಯವ್ರೆ. ಅತ್ತೆ ಮಲಗಿದ್ರು. ಡಾಂಬರು ರಸ್ತೆ ಕಂಡಿತು, ಓಡಿದೆ. ಅರ್ಧ ಗಂಟೆ. ಆ ಅರ್ಧ ಗಂಟೆ ನನಗೆ ಈ ಮನೆಯೂ ನೆನಪಿರಲಿಲ್ಲ, ಇವರು ಯಾರೂ ನೆನಪಿರಲಿಲ್ಲ. ಎಷ್ಟು ಸುಖ ಆಯ್ತು ಗೊತ್ತುಂಟಾ?" ತಿರುಗಿ ಬರುವಾಗ ಅಜ್ಜಿ ಜಗಲಿಯಿಂದ ಕೆಳಗೆ ಬಿದ್ದು ಮಣಿಕಟ್ಟು ಮುರಿದುಕೊಂಡು, ನೋವಿಗಲ್ಲ, ಅವ್ವ ಇಲ್ಲವೆಂದು ಅಳುತ್ತಿದ್ದರು. ಅಂದಿನಿಂದ ಗೇಟು ಮುಗಿಯಿತು. ಈಜುವುದು, ಸೈಕಲ್ ತುಳಿಯುವುದು, ಓಡುವುದು ಎಲ್ಲವೂ ಜಗಲಿಯಿಂದ ಕಾಣುವ ಜಾಗದಲ್ಲೇ ಆಗಬೇಕು. ಕೆರೆ ಅಂಗಳದ ಬದಿಯಲ್ಲೇ ಇತ್ತು, ಆದರೆ ನಾಲ್ಕು ಸಲ ಕೈ ಬೀಸಿದರೆ ಆಚೆ ದಡ. ಹಾಗಾಗಿ ಹಗ್ಗ.

ಸೈಕಲಿಗೆ ಕುಶಾಲಪ್ಪಣ್ಣ ಉಪಾಯ ಮಾಡಿದರು. ರಬ್ಬರ್ ಶೀಟ್ ಒತ್ತುವ ಹಳೆಯ ಮೆಷಿನಿನ ಎರಡು ರೋಲರುಗಳನ್ನು ಬೆಳ್ಳಾರೆಯ ವೆಲ್ಡಿಂಗಿನವನ ಹತ್ತಿರ ಕಬ್ಬಿಣದ ಚೌಕಟ್ಟಿಗೆ ಕೂರಿಸಿ, ಅದರ ಮೇಲೆ ಸೈಕಲಿನ ಹಿಂದಿನ ಚಕ್ರ ನಿಲ್ಲಿಸಿದರು. ತುಳಿದರೆ ಗರಗರ ಎಂದು ಮನೆಯೇ ಅದುರುವ ಶಬ್ದ. ನಾವೆಲ್ಲ ಕಿವಿ ಮುಚ್ಚಿಕೊಂಡರೆ ಅಜ್ಜಿಗೆ ಮಾತ್ರ ಆ ಶಬ್ದ ಬಹಳ ಹಿತ. ಎಷ್ಟೋ ವರ್ಷ ಆ ಮೆಷಿನಿನಲ್ಲಿ ಶೀಟ್ ಒತ್ತಿದವರಲ್ಲವೇ. "ಇವತ್ತು ಹಾಲು ಒಳ್ಳೆದು ಬಂದಿದೆ" ಎಂದು ಹೇಳಿ ಮಗುವಿನಂತೆ ನಿದ್ದೆ ಹೋಗುತ್ತಿದ್ದರು.

ಇನ್ನು ಓಟ. ನಮ್ಮ ಕಡೆ ಬಾವಿಯ ಆಳ ಕೇಳಿದರೆ ಯಾರೂ ಅಡಿಯಲ್ಲಿ ಹೇಳುವುದಿಲ್ಲ, ಕೋಲಿನಲ್ಲಿ ಹೇಳುತ್ತಾರೆ. ಹನ್ನೆರಡು ಕೋಲಿನ ಬಾವಿ, ಹದಿನೈದು ಕೋಲಿನ ಬಾವಿ. ಒಂದು ಕೋಲು ಎಂದರೆ ಎರಡೂವರೆ ಅಡಿ, ಮಕ್ಕಳಿಗೂ ಗೊತ್ತು. ಆ ಮನೆಯ ಅಟ್ಟದಲ್ಲಿ ಹೊಗೆ ಹಿಡಿದು ಕಪ್ಪಾದ ಒಂದು ಅಳತೆಯ ಕೋಲಿತ್ತು. ಚಂದ್ರಕ್ಕ ಅಂಗಳದ ಅಂಚಿಗೆ ಸುಣ್ಣದ ಗೆರೆ ಎಳೆದು ಆ ಕೋಲಿನಿಂದ ಅಳೆದಿದ್ದರು. ಉದ್ದ ಹದಿನೆಂಟು, ಅಗಲ ಹನ್ನೆರಡು, ಸುತ್ತಿದರೆ ಅರವತ್ತು ಕೋಲು, ಅಂದರೆ ನೂರ ಐವತ್ತು ಅಡಿ. ಪೂರ್ತಿ ಓಟಕ್ಕೆ ಒಂಬೈನೂರ ಇಪ್ಪತ್ತಮೂರು ಸುತ್ತು ಎಂದು ಲೆಕ್ಕ ಮಾಡಿ ಕಾಗದವನ್ನು ಗೋಡೆಗೆ ಅಂಟಿಸಿದ್ದರು. ನಾನದನ್ನು ಓದಿ, ಗುಣಾಕಾರ ಸರಿಯಾಗಿದೆ ಎಂದು ತಲೆ ಅಲ್ಲಾಡಿಸಿದೆ. ಆ ಸಣ್ಣ ಅಂಗಳದಲ್ಲಿ ನನ್ನ ದುಬಾರಿ ಕೈಗಡಿಯಾರಕ್ಕೆ ತಲೆ ತಿರುಗಿ ಏನೇನೋ ದೂರ ತೋರಿಸುತ್ತಿತ್ತು. ಊರವರ ಜಾಗವನ್ನೆಲ್ಲ ಅಳೆಯುವ ನಾನು ಆ ಗೆರೆಯ ಮೇಲೆ ಒಮ್ಮೆಯೂ ಟೇಪು ಹಿಡಿಯಲಿಲ್ಲ.

ಗಡಿ ಗುರುತಿನ ಕೆಲಸ ಎರಡು ದಿನಕ್ಕೆ ಮುಗಿಯಿತು. ನಾನು ಮಾತ್ರ ಭಾನುವಾರ ಭಾನುವಾರ ಪುತ್ತೂರಿನಿಂದ ಸೈಕಲ್ ತುಳಿದುಕೊಂಡು ಐವರ್ನಾಡಿಗೆ ಹೋಗತೊಡಗಿದೆ. ಅವರು ಅಂಗಳದಲ್ಲಿ ಓಡುತ್ತಲೇ ನನಗೆ ಪಾಠ ಹೇಳುತ್ತಿದ್ದರು. ಗಾಣದ ಎತ್ತಿನಂತೆ ಅವರು ಸುತ್ತುವುದು, ನಾನು ಮಧ್ಯದಲ್ಲಿ ನಿಂತು ಅವರ ಮುಖ ಸಿಕ್ಕಲು ಗರಗರ ತಿರುಗುವುದು. ಅರ್ಧ ಮಾತು ಈ ಸುತ್ತಿನಲ್ಲಿ, ಉಳಿದರ್ಧ ಮುಂದಿನ ಸುತ್ತಿನಲ್ಲಿ. ಈ ವಾರ ಮನಸ್ಸೇ ಬರಲಿಲ್ಲ ಎಂದು ನಾನು ಒಮ್ಮೆ ರಾಗ ಎಳೆದೆ.

"ಹಲ್ಲುಜ್ಜಲಿಕ್ಕೆ ನಿಮಗೆ ಮನಸ್ಸು ಬರ್ತದಾ?" ಎಂದು ಕೇಳಿ ಮುಂದೆ ಹೋದರು. ಸುತ್ತು ಮುಗಿಸಿ ಬಂದು, "ಬರುದಿಲ್ಲ. ಆದ್ರೂ ಉಜ್ಜುದಿಲ್ವಾ? ಇದೂ ಹಾಗೇ. ಮನಸ್ಸನ್ನು ಕೇಳ್ಲಿಕ್ಕೇ ಹೋಗ್ಬೇಡಿ" ಎಂದರು.

ಇನ್ನೊಂದು ದಿನ, ನಲವತ್ತೆರಡು ಕಿಲೋಮೀಟರ್ ಎಂದು ನೆನೆದರೇ ಕೈಕಾಲು ತಣ್ಣಗಾಗುತ್ತದೆ ಎಂದದ್ದಕ್ಕೆ, "ದೂರ ಎಣಿಸಿದ್ರೆ ಯಾರಿಗೂ ಆಗುದಿಲ್ಲ. ಮೂಲೆ ಎಣಿಸಿ. ನನಗೆ ನಾಲ್ಕೇ ಮೂಲೆ. ಒಂದು, ಎರಡು, ಮೂರು, ನಾಲ್ಕು. ಐದು ಹೇಳ್ಲಿಕ್ಕೆ ಹೋಗಬಾರ್ದು" ಎಂದರು. ಹೇಳುವಾಗ ಮುಖದಲ್ಲಿ ನಗುವಿರಲಿಲ್ಲ. ಅವರನ್ನು ತಾಳ್ಮೆಯ ಮೂರ್ತಿ ಎಂದು ಯಾರಾದರೂ ಹೊಗಳಿದರೆ ಕೆಂಡವಾಗುತ್ತಿದ್ದರು. "ನನಗೆ ಸಿಟ್ಟು ಬರುದಿಲ್ಲ ಅಂತ ಅಂದ್ಕೊಳ್ಬೇಡಿ. ಬರ್ತದೆ. ಅತ್ತೆಯ ಮೇಲೆ ಬರ್ತದೆ, ಇವರ ಮೇಲೆ ಬರ್ತದೆ, ಈ ಗೆರೆಯ ಮೇಲೂ ಬರ್ತದೆ. ಸಿಟ್ಟು ಬಂದಷ್ಟೂ ಓಡುದು. ಬೇರೆ ಎಂತ ಮಾಡುದು?"

ನನ್ನ ಮಾನ ಹೋದದ್ದು ಸಂಪಾಜೆಯಲ್ಲಿ. ಆ ದಿನ ನೂರಿಪ್ಪತ್ತು ಕಿಲೋಮೀಟರ್ ತುಳಿಯಬೇಕು ಎಂದು ಚಂದ್ರಕ್ಕ ಲೆಕ್ಕ ಹಾಕಿಕೊಟ್ಟಿದ್ದರು. ಸುಳ್ಯ ದಾಟಿ ಸಂಪಾಜೆಗೆ ಮುಟ್ಟುವಾಗ ಎದುರಿನಿಂದ ಘಾಟಿ ಇಳಿಯುವ ಲಾರಿಗಳು, ಹಿಂದಿನಿಂದ ಕೊಡಗಿಗೆ ಹೋಗುವ ಕಾರುಗಳ ಹಾರ್ನು, ನನ್ನ ತೊಡೆ ಎರಡೂ ಕಲ್ಲು. ಚಾ ಕುಡಿಯಲು ಇಳಿದವನು ಗುರುತಿನವನ ಪಿಕಪ್ ಒಂದು ಪುತ್ತೂರಿಗೆ ಹೊರಟದ್ದು ನೋಡಿ ಸೈಕಲನ್ನು ಬಾಳೆಗೊನೆಗಳ ಮೇಲೆ ಮಲಗಿಸಿ ಹತ್ತಿ ಕುಳಿತೆ. ನಮ್ಮ ಓಟಗಾರರ ವಾಟ್ಸಾಪ್ ಗುಂಪಿನಲ್ಲಿ ನೂರಿಪ್ಪತ್ತು ಆಯಿತೆಂದು ಬರೆದು, ಅದನ್ನೇ ಚಂದ್ರಕ್ಕನಿಗೂ ಕಳಿಸಿಬಿಟ್ಟೆ. ಮುಂದಿನ ಭಾನುವಾರ ನಾನು ಅಂಗಳಕ್ಕೆ ಕಾಲಿಡುವಾಗಲೇ ಚಂದ್ರಕ್ಕ ನಿಂತರು. ಅವರು ಓಟ ನಿಲ್ಲಿಸಿ ಮಾತಾಡಿದ್ದು ಅದೇ ಮೊದಲು. ಆ ಪಿಕಪ್ಪಿನವನು ಕುಶಾಲಪ್ಪಣ್ಣನಿಗೆ ಹತ್ತಿರದ ನೆಂಟ ಎಂಬುದು ನನಗೇನು ಗೊತ್ತು.

"ಇಲ್ಲದ ಕಿಲೋಮೀಟರ್ ಬರೆದ್ರೆ ಊರಿಗೆ ಗೊತ್ತಾಗ್ಲಿಕ್ಕಿಲ್ಲ. ಕಾಲಿಗೆ ಗೊತ್ತಾಗುದಿಲ್ವಾ?" ಎಂದರು. ಮತ್ತೆ ದನಿ ತಗ್ಗಿಸಿ, "ನಿಮಗೆ ರಸ್ತೆ ಉಂಟು ಸರ್ವೆಯವ್ರೆ. ಘಾಟಿ ಉಂಟು, ಆಚೆ ಮಡಿಕೇರಿ ಉಂಟು. ಅಷ್ಟು ಇದ್ದೂ ನೀವು ಬಾಳೆಗೊನೆ ಒಟ್ಟಿಗೆ ಬಂದ್ರಿ" ಎಂದರು. ಆ ಸಂಜೆ ನಾನು ಪುತ್ತೂರಿಗೆ ಮರಳದೆ ಮತ್ತೆ ಸಂಪಾಜೆಗೆ ಹೋಗಿ ಬಂದೆ. ದಾರಿಯುದ್ದಕ್ಕೂ ಅವರನ್ನು ಬೈದೆ ಎಂದು ಒಪ್ಪಿಕೊಳ್ಳುತ್ತೇನೆ.

ಆ ವರ್ಷವಾದರೂ ಅವರು ಸ್ಪರ್ಧೆಗೆ ಬರುವುದೆಂದು ಗಟ್ಟಿಯಾಗಿತ್ತು. ಪೂರ್ವ ಕರಾವಳಿಯ ಊರು, ಹೋಗಿ ಬರಲು ನಾಲ್ಕು ದಿನ ಬೇಕು. ಅಜ್ಜಿಯನ್ನು ನೋಡಿಕೊಳ್ಳಲು ಒಬ್ಬ ಹೋಮ್ ನರ್ಸನ್ನು ತಿಂಗಳ ಮೊದಲೇ ಕರೆಸಿ ಅಭ್ಯಾಸ ಮಾಡಿಸಿದರು. ಮೊದಲ ದಿನ ಅಜ್ಜಿ ಗಂಜಿಯ ಬಟ್ಟಲು ಎಸೆದರು. ಎರಡನೇ ದಿನ ಊಟ ಮುಟ್ಟಲಿಲ್ಲ. ಮೂರನೇ ದಿನ ಚಂದ್ರಕ್ಕ ಬೇಕೆಂದೇ ಕೋಣೆಯೊಳಗೆ ಅಡಗಿ ಕುಳಿತರೆ, ಅಜ್ಜಿ ಅವ್ವನನ್ನು ಹುಡುಕುತ್ತ ಕೆರೆಯ ಮೆಟ್ಟಿಲವರೆಗೆ ಹೋಗಿದ್ದರು. ನರ್ಸು ತಾನೇ ಚೀಲ ಕಟ್ಟಿದಳು. ನಾನು ಒಬ್ಬನೇ ಹೊರಟೆ. ಹೊರಡುವ ದಿನ ನೋಡಲು ಹೋದಾಗ ಅವರು ಸೈಕಲ್ ತುಳಿಯುತ್ತಿದ್ದರು. ಆ ಗರಗರದ ನಡುವೆ ನನಗೆ ಕೇಳಿಸಿದ್ದು "ಮೂಲೆ" ಎಂಬ ಒಂದು ಪದ ಮಾತ್ರ.

ಹದಿನಾರು ಗಂಟೆ ನಲವತ್ತು ನಿಮಿಷಕ್ಕೆ ಮುಗಿಸಿದೆ. ಕೊನೆಯ ಹತ್ತು ಕಿಲೋಮೀಟರ್ ನಾನು ಓಡಿದ್ದು ಸಮುದ್ರದ ಬದಿಯ ಆ ರಸ್ತೆಯಲ್ಲಲ್ಲ, ಆ ಅಂಗಳದಲ್ಲೇ. ಮೆಡಲು ತಂದು ಚಂದ್ರಕ್ಕನ ಕೈಗೆ ಕೊಟ್ಟೆ. ತಿರುಗಿಸಿ ನೋಡಿ, "ಭಾರ ಉಂಟು" ಎಂದು ಹೇಳಿ, ಅಜ್ಜಿ ಕೈಚಾಚಿದ್ದಕ್ಕೆ ಅವರ ಕೊರಳಿಗೆ ಹಾಕಿದರು. ಅಜ್ಜಿ ಮತ್ತೆ ಅದನ್ನು ತೆಗೆಯಗೊಡಲಿಲ್ಲ. ಕೇಳಿದರೆ "ನನ್ನ ಮದುವೆಗೆ ಹಾಕಿದ್ದು" ಎನ್ನುತ್ತಿದ್ದರು. ಅಷ್ಟು ಕಷ್ಟಪಟ್ಟು ಗಳಿಸಿದ್ದು ಈಗಲೂ ಆ ಅಜ್ಜಿಯ ಕೊರಳಲ್ಲೇ ಇರಬೇಕು.

ಒಂದು ಸಂಜೆ ಚಂದ್ರಕ್ಕ ಹೇಳಿದರು: "ನಾನು ಇಲ್ಲೇ ಮಾಡ್ತೇನೆ. ಹದಿನೇಳು ಗಂಟೆ ಎಲ್ಲಿಯೂ ಹದಿನೇಳು ಗಂಟೆಯೇ ಅಲ್ವಾ? ಆದ್ರೆ ಮನೆಯೊಳಗೆ ಮಾಡಿದ್ದು ಅಂತ ರಿಯಾಯಿತಿ ಬೇಡ. ಒಂದು ಹೆಜ್ಜೆ ಕಡಿಮೆ ಆದ್ರೂ ಆಗ್ಲಿಲ್ಲ ಅಂತಲೇ. ಅಳತೆಯವರು ನೀವು, ನೀವೇ ಕೂತು ನೋಡ್ಬೇಕು." ಐವತ್ತು ತುಂಬುವ ಮೊದಲು ಇದೊಂದು ತನ್ನದೆಂದು ಆಗಬೇಕು ಎಂದರು. ಬೇರೆ ಏನನ್ನೂ ಅವರು ಯಾರ ಹತ್ತಿರವೂ ಕೇಳಿದ್ದು ನನಗೆ ಗೊತ್ತಿಲ್ಲ.

ಜನವರಿಯ ಒಂದು ಭಾನುವಾರ. ಬೆಳಗ್ಗೆ ನಾಲ್ಕಕ್ಕೆ, ದಡದಲ್ಲಿ ಗ್ಯಾಸ್‌ಲೈಟ್ ಇಟ್ಟು, ಹಗ್ಗ ಕಟ್ಟಿಕೊಂಡು ಕೆರೆಗಿಳಿದರು. ಹಗ್ಗದ ಈಜಿಗೆ ದೂರ ಹೇಳಲಿಕ್ಕಾಗುವುದಿಲ್ಲವಾದ್ದರಿಂದ ನನಗೆ ಕಡಲಲ್ಲಿ ಹಿಡಿದಷ್ಟೇ ಹೊತ್ತು, ಒಂದೂಮುಕ್ಕಾಲು ಗಂಟೆ ಎಂದು ಮಾತಾಗಿತ್ತು. ಮತ್ತೆ ರೋಲರಿನ ಮೇಲೆ ನೂರ ಎಂಬತ್ತು, ಸೈಕಲಿನ ಮೀಟರಿನಲ್ಲಿ ನೋಡಿಕೊಂಡು. ಮಧ್ಯಾಹ್ನ ಒಂದಕ್ಕೆ ಅಂಗಳಕ್ಕಿಳಿದರು. ನಾನು ಜಗಲಿಯ ಕೆಳಗೆ ಕುರ್ಚಿ ಹಾಕಿ ಸುತ್ತಿಗೊಂದು ಗೆರೆ ಎಳೆಯುತ್ತಿದ್ದೆ. ಬಿಸಿಲಿಗೆ ಅಂಗಳ ಕಾವಲಿಯಾಗಿತ್ತು. ಕುಶಾಲಪ್ಪಣ್ಣ ಐವತ್ತು ಸುತ್ತಿಗೊಮ್ಮೆ ಮಜ್ಜಿಗೆ ಕೊಡುತ್ತಿದ್ದರು. ಚಂದ್ರಕ್ಕ ಆಗ ದಿಕ್ಕು ಬದಲಿಸುತ್ತಿದ್ದರು, ಒಂದೇ ಮಂಡಿಗೆ ಭಾರ ಬೀಳಬಾರದೆಂದು.

ಗಂಟೆ ಆರು ದಾಟಿತ್ತು, ಆರುನೂರ ನಲವತ್ತನೇ ಸುತ್ತು. ಅಟ್ಟದ ಆ ಕೋಲನ್ನು ಅಜ್ಜಿ ಕೋಳಿ ಓಡಿಸಲು ಇಟ್ಟುಕೊಂಡಿದ್ದರು. ಅದು ಜಾರಿ ನನ್ನ ಕಾಲ ಬುಡಕ್ಕೆ ಬಿತ್ತು. ಎತ್ತಿಕೊಟ್ಟೆ. ಕೊಡುವಾಗ ಕೈಗೆ ಅದು ಯಾಕೋ ಗಿಡ್ಡ ಎನಿಸಿತು. ಇಪ್ಪತ್ತು ವರ್ಷ ಅಳತೆ ಮಾಡಿದ ಕೈ, ಸುಮ್ಮನಿರಬೇಕಲ್ಲ. ಚೀಲದಿಂದ ಟೇಪು ತೆಗೆದು ಹಿಡಿದೆ. ಇಪ್ಪತ್ತೆಂಟು ಇಂಚು. ಎರಡೂವರೆ ಅಡಿಗೆ ಎರಡು ಇಂಚು ಕಡಿಮೆ. ಅದು ಬಾವಿ ತೋಡುವವರ ಕೋಲಾಗಿರಲಿಲ್ಲ, ಆ ಮನೆ ಕಟ್ಟಿದ ಆಚಾರಿಗಳು ಬಿಟ್ಟುಹೋದ ಕೋಲು. ಆಚಾರಿಗಳ ಕೋಲೇ ಬೇರೆ, ಬಾವಿಯ ಕೋಲೇ ಬೇರೆ ಎಂಬುದು ನನ್ನ ಕಸುಬಿನ ಮೊದಲ ಪಾಠ.

ಅವರು ಆಚೆ ಬದಿಯಲ್ಲಿರುವಾಗ ಈಚೆ ಬದಿಯ ಗೆರೆಗೆ ಟೇಪು ಹಿಡಿದೆ. ನಲವತ್ತೈದು ಅಡಿ ಇರಬೇಕಾದಲ್ಲಿ ನಲವತ್ತೆರಡು. ಸುತ್ತಿಗೆ ಹತ್ತು ಅಡಿ ಕೊರತೆ. ಒಟ್ಟಿಗೆ ಸುಮಾರು ಮೂರು ಕಿಲೋಮೀಟರ್. ಒಂಬೈನೂರ ಇಪ್ಪತ್ತಮೂರರ ಮೇಲೆ ಇನ್ನೂ ಅರವತ್ತಾರು ಸುತ್ತು ಬೇಕಿತ್ತು. ಸಮಯವನ್ನೂ ಲೆಕ್ಕ ಹಾಕಿದೆ. ಈ ವೇಗದಲ್ಲಿ ಎಂಟೂ ಇಪ್ಪತ್ತಕ್ಕೆ ಮುಗಿಯುತ್ತದೆ, ಅರವತ್ತಾರಕ್ಕೆ ಇನ್ನರ್ಧ ಗಂಟೆ, ಹದಿನೇಳು ಗಂಟೆ ತುಂಬುವುದು ಒಂಬತ್ತಕ್ಕೆ. ಹತ್ತು ನಿಮಿಷ ಉಳಿಯುತ್ತದೆ. ಹೇಳಿದರೆ ಆಗುತ್ತಿತ್ತು.

ಮುಂದಿನ ಸುತ್ತಿಗೆ ಹೇಳುತ್ತೇನೆ ಎಂದುಕೊಂಡೆ. ಮುಂದಿನ ಸುತ್ತಿಗೆ ಅವರು ಬಂದಾಗ ಕಣ್ಣು ಅರ್ಧ ಮುಚ್ಚಿತ್ತು, ಬಾಯಲ್ಲಿ ಒಂದು ಎರಡು ಮೂರು ನಾಲ್ಕು. ಎಡಗಾಲಿನ ಬಿಳಿ ಕ್ಯಾನ್ವಾಸ್ ಶೂವಿನ ತುದಿ ಕೆಂಪಾಗಿತ್ತು. ಏಳುನೂರಕ್ಕೆ ಹೇಳುತ್ತೇನೆ ಎಂದುಕೊಂಡೆ. ಏಳುನೂರಕ್ಕೆ ಅವರು ವಾಂತಿ ಮಾಡಿಕೊಂಡರು. ಎಂಟುನೂರರ ಹೊತ್ತಿಗೆ ಅಜ್ಜಿ ಎದ್ದು "ಅವ್ವ, ಸಾಕು, ಒಳಗೆ ಬಾ" ಎಂದು ಅಳುತ್ತ ಅಂಗಳಕ್ಕಿಳಿದರು. ಚಂದ್ರಕ್ಕ ಬೈಯಲಿಲ್ಲ, ನಿಲ್ಲಲೂ ಇಲ್ಲ. ಅಜ್ಜಿಯ ಕೈ ಹಿಡಿದು ಮೂರು ಸುತ್ತು ನಡೆದರು, ನಾಲ್ಕನೆಯದಕ್ಕೆ ಜಗಲಿಯಲ್ಲಿ ಕೂರಿಸಿ ಮತ್ತೆ ಓಡಿದರು. ಅದನ್ನು ನೋಡಿದ ಮೇಲೆ ನಾನು ಟೇಪನ್ನು ಚೀಲದೊಳಗೆ ಹಾಕಿಬಿಟ್ಟೆ. ಎಂಟೂ ಇಪ್ಪತ್ತೈದಕ್ಕೆ ನಾನು ಒಂಬೈನೂರ ಇಪ್ಪತ್ತಮೂರನೇ ಗೆರೆ ಎಳೆದೆ. ಅವರು ನನ್ನ ಕುರ್ಚಿಯ ತೋಳು ಹಿಡಿದು ಬಗ್ಗಿ ನಿಂತರು.

"ಸರ್ವೆಯವ್ರೆ, ಆಯ್ತಲ್ಲ?"

"ಆಯ್ತು" ಎಂದೆ.

ಚಂದ್ರಕ್ಕ ಅತ್ತದ್ದನ್ನು ನಾನು ಅಂದು ಮಾತ್ರ ನೋಡಿದ್ದು. ಕುಶಾಲಪ್ಪಣ್ಣ ಪಾಯಸ ತಂದರು. ನಾನು ಲೋಟವನ್ನು ಹಾಗೇ ಕೆಳಗಿಟ್ಟೆ.

ಅಷ್ಟಕ್ಕೇ ಬಿಟ್ಟಿದ್ದರೆ ಏನಾಗುತ್ತಿತ್ತೋ. ಹೇಳದೆ ಬದುಕಬಹುದಿತ್ತು ಎಂದು ಇಂದಿಗೂ ನನಗೆ ಅನಿಸುತ್ತದೆ. ಆದರೆ ಪುತ್ತೂರಿನ ನಮ್ಮ ಗುಂಪಿನವರು ಸುದ್ದಿ ಕೇಳಿ, ಅವರ ಮನೆಗೇ ಹೋಗಿ ಶಾಲು ಹೊದೆಸಿ ಒಂದು ಪ್ರಮಾಣಪತ್ರ ಕೊಡುವುದೆಂದು ನಿಶ್ಚಯಿಸಿದರು. ದೂರವನ್ನು ಅಳೆದು ನೋಡಿದ್ದೇನೆ ಎಂದು ಕೆಳಗೆ ನನ್ನ ಸಹಿ. ಕಾಗದ ನನ್ನ ಮೇಜಿನ ಮೇಲೆ ಒಂದು ವಾರ ಇತ್ತು. ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪ. ಅಳತೆ ತಪ್ಪಿದ ಕಾಗದಕ್ಕೆ ನಾನು ಹುಟ್ಟಿದ ಮೇಲೆ ಸಹಿ ಹಾಕಿಲ್ಲ, ಸಹಿ ಹಾಕದಿದ್ದರೆ ಯಾಕೆಂದು ಹೇಳಬೇಕು. ಕೊನೆಗೆ ಒಂದು ಮಧ್ಯಾಹ್ನ ಐವರ್ನಾಡಿಗೆ ಹೋದೆ. ಅವರು ಜಗಲಿಯಲ್ಲಿ ಕುಳಿತು ಅಜ್ಜಿಯ ತಲೆ ಬಾಚುತ್ತಿದ್ದರು.

"ಕೋಲು ತಪ್ಪು, ಚಂದ್ರಕ್ಕ. ಅದು ಆಚಾರಿಗಳ ಕೋಲು. ಅರವತ್ತಾರು ಸುತ್ತು ಕಡಿಮೆ ಆಗಿದೆ."

ಬಾಚಣಿಗೆ ನಿಲ್ಲಲಿಲ್ಲ. "ಯಾವತ್ತು ಗೊತ್ತಾದ್ದು?"

"ಅವತ್ತೇ. ಆರುನೂರ ನಲವತ್ತರಲ್ಲಿ."

"ಸಮಯ ಇತ್ತಾ?"

"ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಿಮ್ಮ ಕಾಲು ನೋಡಿ ಪಾಪ ಅನಿಸಿತು" ಎಂದೆ. ಆ ಪದ ಬಾಯಿಂದ ಬಿದ್ದ ಕೂಡಲೇ ಬೀಳಬಾರದಿತ್ತು ಎಂದು ಗೊತ್ತಾಯಿತು. ಚಂದ್ರಕ್ಕ ಅಜ್ಜಿಯ ಕೂದಲನ್ನು ಗಂಟು ಹಾಕಿ ಮುಗಿಸಿದರು.

"ಪಾಪ ಹೇಳುವವರು ನನಗೆ ಬೇಕಾದಷ್ಟು ಜನ ಇದ್ದಾರೆ ಸರ್ವೆಯವ್ರೆ. ಈ ಗೇಟಿನೊಳಗೆ ಬಂದವರೆಲ್ಲ ಪಾಪ ಹೇಳಿಯೇ ಹೋಗುದು. ನಿಮ್ಮನ್ನು ನಾನು ಕೂರಿಸಿದ್ದು ಅದಕ್ಕಲ್ಲ." ಎದ್ದು ನಿಂತರು. "ಹಾಗಾದ್ರೆ ಆಗ್ಲಿಲ್ಲ. ಶಾಲು ಬೇಡ ಅಂತ ಹೇಳಿ ಅವರಿಗೆ. ಇನ್ನು ನೀವೂ ಬರುದು ಬೇಡ."

ದನಿ ಏರಿರಲಿಲ್ಲ. ಚಾ ಕುಡಿದು ಹೋಗಿ ಎಂದೂ ಹೇಳಿದರು. ನಾನು ಕುಡಿದೆ, ಲೋಟ ತೊಳೆದಿಟ್ಟೆ, ಹೊರಟೆ. ಅವರನ್ನು ನಾನು ನೋಡಿದ್ದು ಅದೇ ಕೊನೆ. ಸುಳ್ಯಕ್ಕೆ ಹೋಗುವಾಗ ಐವರ್ನಾಡಿನ ಅಡ್ಡರಸ್ತೆ ಬಂದರೆ ಸೈಕಲ್ ತಾನಾಗಿ ನಿಧಾನವಾಗುತ್ತದೆ. ತಿರುಗಿಸುವ ಧೈರ್ಯವಿಲ್ಲ, ಮೂರು ತಾಲೂಕಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದಾದ ನನಗೆ ಆ ಒಂದು ಅಂಗಳಕ್ಕೆ ಮಾತ್ರ ಹೋಗಲಿಕ್ಕಿಲ್ಲ.

ಆರು ವಾರ ಕಳೆದು ಒಂದು ಸೋಮವಾರ ಬೆಳಗ್ಗೆ ಕುಶಾಲಪ್ಪಣ್ಣ ಫೋನು ಮಾಡಿದರು. ಹಿಂದಿನ ದಿನ ಚಂದ್ರಕ್ಕ ಮತ್ತೆ ಸುರುವಿನಿಂದ ಎಲ್ಲ ಮಾಡಿದರಂತೆ, ಕೆರೆ, ಸೈಕಲ್, ಅಂಗಳ. ಸಾಕ್ಷಿಗೆ ಯಾರೂ ಬೇಡ ಎಂದರಂತೆ. ಒಂಬತ್ತಕ್ಕೆ ಎಂಟು ನಿಮಿಷ ಇರುವಾಗ ಮುಗಿಯಿತಂತೆ. ನಾನು ಅವರಿಗೆ ಫೋನು ಕೊಡಿ ಎಂದೆ. ಕುಶಾಲಪ್ಪಣ್ಣ ಒಳಗೆ ಹೋಗಿ ಬಂದು, "ಅಮ್ಮನಿಗೆ ಗಂಜಿ ಕೊಡ್ತಾ ಇದ್ದಾಳೆ, ಈಗ ಆಗುದಿಲ್ವಂತೆ" ಎಂದರು. ಮತ್ತೆ ಅವರೇ ಹೇಳಿದರು:

"ಒಂಬೈನೂರ ಇಪ್ಪತ್ತಮೂರು ಆದಾಗ ನಿಂತಳು. ಮುಗೀತು ಅಂತ ನಾನು ಕುರ್ಚಿ ತಂದೆ. 'ಬೇಡ, ಇನ್ನು ಸರ್ವೆಯವರದ್ದು ಉಂಟು' ಅಂತ ಹೇಳಿ ಮತ್ತೆ ಓಡಿದಳು."

ಅದನ್ನು ಸಿಟ್ಟಿನಲ್ಲಿ ಹೇಳಿದ್ದಾ ಎಂದು ಕೇಳಿದೆ.

"ಗೊತ್ತಿಲ್ಲ ಮಾರಾಯ್ರೆ" ಎಂದರು ಕುಶಾಲಪ್ಪಣ್ಣ. "ಆ ಅರವತ್ತಾರನ್ನು ಮಾತ್ರ ಬಾಯಿಬಿಟ್ಟು ಎಣಿಸಿದಳು. ಗುಡ್ಡೆಯವರೆಗೆ ಕೇಳ್ತಿತ್ತು."